ಹೊಟ್ಟಿನ ಬೂದಿ ತಿಕ್ಕಿದ ಹಲ್ಲು

ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಅವುಗಳಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲು ಹತ್ತಿ ಕೂತಿದೆ. ಇವುಗಳ ಜೊತೆ ಹೇಗೋ ಬದುಕಿಕೊಂಡಿದ್ದೆ, ಕಮಲಾಪುರದ ಹತ್ತಿರದ ಒಂದು ರೆಸಾರ್ಟಿನಿಂದ ಫೋನ್ ಬರುವವರೆಗೆ. ರಿಸೆಪ್ಷನ್ ಕೆಲಸ, ಸೋಮವಾರ ಇಂಟರ್‌ವ್ಯೂ, ನಗುಮುಖ ಇರಬೇಕು ಎಂದರು. ಹಂಪಿ ನೋಡಲು ಬರುವವರ ಜೊತೆ ಮಾತಾಡಬೇಕೆಂದೇ ಮೊಬೈಲ್ ನೋಡಿ ಇಂಗ್ಲಿಷ್ ಕಲಿತವನು ನಾನು. ಈ ಕೆಲಸ ಬಿಟ್ಟರೆ ಇನ್ನೊಂದನ್ನು ಯೋಚಿಸಿಯೇ ಇರಲಿಲ್ಲ.

ಹಲ್ಲನ್ನೂ ಮೊಬೈಲ್ ನೋಡಿಯೇ ಸರಿಮಾಡಿಕೊಳ್ಳಲು ಹೊರಟೆ. ವಿಡಿಯೋಗಳಲ್ಲಿ ಇದ್ದಿಲ ಪುಡಿ ಹಾಕಿ ಉಜ್ಜುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕಿಂತ ಬೆಳ್ಳಗಿನದು ಇತ್ತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಮಾವ ತಂದುಕೊಡುವ ಭತ್ತದ ಹೊಟ್ಟಿನ ಬೂದಿ. ಅವ್ವ ದೇವರ ಹಿತ್ತಾಳೆ ಸಾಮಾನು ತಿಕ್ಕುವುದು ಅದರಲ್ಲೇ. ಕಪ್ಪಗಾದ ದೀಪವೇ ಹೊಳೆಯುತ್ತದೆ, ಹಲ್ಲು ಯಾವ ಲೆಕ್ಕ? ಬಟ್ಟೆಯಲ್ಲಿ ಸೋಸಿ, ನಿಂಬೆರಸ ಹಿಂಡಿ ಕಲಸಿದೆ.

"ಏನ್ ಮಾಡಾಕತ್ತಿಯಲೇ? ಅದು ಭಾಂಡೆ ತಿಕ್ಕೋ ಬೂದಿ," ಅಂದಳು ಅವ್ವ.

"ನನ್ ಬಾಯೂ ಭಾಂಡೇನ ಬಿಡಬೇ."

"ಹೌದಪ, ಹಗಲೆಲ್ಲ ಸಪ್ಪಳ ಮಾಡ್ತಿರ್ತೈತಲ್ಲ."

ಮೂರು ದಿನ ಬೆಳಿಗ್ಗೆ ಸಂಜೆ ಉಜ್ಜಿದೆ. ಶನಿವಾರ ತಣ್ಣೀರು ಬಾಯಿಗೆ ಹಾಕಿದರೆ ಹಲ್ಲಿನಿಂದ ಕಿವಿಯವರೆಗೆ ಸೂಜಿ ಎಳೆದಂತಾಯಿತು. ವಸಡಿನಿಂದ ರಕ್ತ ಬಂತು. ಪಟ್ಟೆಗಳು ಮಾತ್ರ ಹಾಗೇ ಇದ್ದವು. ಬಾಯಿಗೆ ಕರ್ಚೀಫ್ ಒತ್ತಿಕೊಂಡು ಹೊಸಪೇಟೆಯ ಹಲ್ಲಿನ ಡಾಕ್ಟರ್ ಹತ್ತಿರ ಓಡಿದೆ.

ಬೂದಿಯ ವಿಷಯ ಹೇಳಿದೆ. ಡಾಕ್ಟರಮ್ಮ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ಆ ಬೂದಿ ಒಳಗ ಮರಳಿನಂಥ ಅಂಶ ಇರ್ತೈತಿ. ಹಲ್ಲಿನ ಮ್ಯಾಲಿನ ಪದರ ಸವದೈತಿ. ಈ ಕಲೆ ಹೊರಗಿಂದಲ್ರಿ, ಸಣ್ಣವರಿದ್ದಾಗ ಕುಡಿದ ಬೋರಿನ ನೀರಿಂದು. ಹಲ್ಲಿನ ಜೊತಿಗೇ ಬೆಳದೈತಿ."

"ಸೋಮವಾರದೊಳಗ ಬೆಳ್ಳಗ ಮಾಡ್ರಿ ಮೇಡಂ. ತಂತಿ ಹಾಕಿ ನೆಟ್ಟಗೂ ಮಾಡ್ರಿ."

"ತಂತಿಗೆ ವರ್ಷದ ಮ್ಯಾಲೆ ಬೇಕು. ಬೆಳ್ಳಗ ಮಾಡೋ ಔಷಧಿ ಈಗ ಹಚ್ಚಿದ್ರ ನಿಮಗ ತಡಕೊಳ್ಳಾಕ ಆಗಂಗಿಲ್ಲ. ಮೊದಲ ಈ ಜುಮ್ ಅನ್ನೋದು ಕಡಿಮಿ ಆಗ್ಲಿ."

"ಹಂಗಾದ್ರ ಕಿತ್ತು ಬ್ಯಾರೆ ಹಾಕ್ರಿ."

ಅವರು ಗ್ಲೌಸ್ ಬಿಚ್ಚಿದರು. "ಗಟ್ಟಿ ಹಲ್ಲು ನಾ ಕೀಳಂಗಿಲ್ರಿ," ಎಂದು ಮುಲಾಮು ಬರೆದುಕೊಟ್ಟರು.

ಸೋಮವಾರ ರೆಸಾರ್ಟಿನ ಮ್ಯಾನೇಜರ್ ಮೇಡಂ ಕೇಳಿದ್ದಕ್ಕೆಲ್ಲ ತುಟಿ ಬಿಗಿಹಿಡಿದೇ ಉತ್ತರ ಕೊಟ್ಟೆ. ಕೊನೆಗೆ, "ಒಂದ್ಸಲ ನಗ್ರಿ," ಅಂದರು. ನಕ್ಕೆ. ಅವರ ಕಣ್ಣು ಮೇಜಿನ ಕಡೆ ಇಳಿಯಿತು.

"ಇಂಗ್ಲಿಷ್ ಭಾಳ ಚಲೋ ಐತಿ. ಆದ್ರ ಮುಂದ ಕೌಂಟರಿಗೆ ಬ್ಯಾಡ. ಹಿಂದ ಬುಕಿಂಗ್ ಫೋನ್ ನೋಡ್ಕೊತೀರೇನು? ಅಲ್ಲಿ ಯಾರಿಗೂ ಮುಖ ಕಾಣಂಗಿಲ್ಲ."

ಅವರು ಮಾತು ಮುಗಿಸುವ ಮೊದಲೇ ಹೂಂ ಅಂದುಬಿಟ್ಟೆ. ಬೇಡ ಅನ್ನಲು ನನ್ನ ಹತ್ತಿರ ಬೇರೆ ಏನಿತ್ತು?

ಅದು ಕಿಟಕಿ ಇಲ್ಲದ ಕೋಣೆ. ಎಸಿ ಸರಿಯಾಗಿ ಎದುರಿಗೇ ಇದೆ. ಮೊದಲ ದಿನ ಕೆಲಸ ಕಲಿಸಿದ ಹಿರಿಯ ಹುಡುಗ ಹೇಳಿದ, "ನಕ್ಕೊಂತ ಮಾತಾಡಪ. ನಗಲಿಲ್ಲಂದ್ರ ದನಿಯೊಳಗ ಗೊತ್ತಾಗ್ತೈತಿ, ಗೆಸ್ಟ್ ಫೋನ್ ಇಟ್ಬಿಡ್ತಾರ."

ಹಾಗಾಗಿ ನಾನು ಗೋಡೆಗೆ ನಗುತ್ತೇನೆ. ತಣ್ಣನೆ ಗಾಳಿ ಸವೆದ ಹಲ್ಲಿಗೆ ತಾಗಿ ಕಣ್ಣಲ್ಲಿ ನೀರು ಬರುತ್ತದೆ. ಹೊಳೆ ಕಾಣುವ ರೂಮು ಇದೆಯಾ ಎಂದು ಆ ಕಡೆಯವರು ಕೇಳುತ್ತಾರೆ. ಇದೆ ಎನ್ನುತ್ತೇನೆ, ಬಾಯಿ ಮುಚ್ಚದೆ.