ಹಿತ್ತಾಳೆ ಕ್ಯಾಪ್ಟನ್ನಿನ ಮೀಸೆ

ನಮ್ಮವರು ಪ್ಲಂಬರ್. ಊರಿನ ಅರ್ಧ ಮನೆಗಳ ನಲ್ಲಿಗಳು ಸೋರುವುದನ್ನು ನಿಲ್ಲಿಸಿದ್ದು ಇವರ ಕೈಯಿಂದ, ನಮ್ಮ ಅಡುಗೆಮನೆಯದೊಂದನ್ನು ಬಿಟ್ಟು. ಅದರ ಕೆಳಗೆ ಇವತ್ತಿಗೂ ನಾನು ಒಂದು ಬಟ್ಟಲು ಇಡುತ್ತೇನೆ. ಕೇಳಿದರೆ "ನಾಳೆ ನೋಡೋಣ" ಅನ್ನುತ್ತಾರೆ. ಆ ನಾಳೆ ಇನ್ನೂ ಬಂದಿಲ್ಲ, ಯಾಕೆಂದರೆ ಮನೆಗೆ ಬಂದ ಮೇಲೆ ಈ ಮನುಷ್ಯ ಪ್ಲಂಬರ್ ಆಗಿ ಉಳಿಯುವುದಿಲ್ಲ. ಹಿಂದಿನ ಕೋಣೆಯ ಬಾಗಿಲು ದಾಟಿದರೆ ಇವರು ಹಬೆಯಿಂದ ಹಾರುವ ಹಡಗೊಂದರ ಕ್ಯಾಪ್ಟನ್.

ನಗುವುದಿದ್ದರೆ ನಕ್ಕುಬಿಡಿ. ನಾನು ನಕ್ಕು ಮುಗಿಸಿ ಬಹಳ ಕಾಲವಾಯಿತು.

ಇದಕ್ಕೆ ಸ್ಟೀಮ್‌ಪಂಕ್ ಅನ್ನುತ್ತಾರಂತೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಎಲ್ಲವೂ ಹಬೆಯಿಂದ ನಡೆಯುತ್ತಿತ್ತು, ಆಮೇಲೆ ಕರೆಂಟು ಬಂದು ಹಬೆ ಮೂಲೆ ಸೇರಿತು. ಸೇರದೇ ಇದ್ದಿದ್ದರೆ? ಫೋನಿಗೂ ಹಬೆ, ಕಂಪ್ಯೂಟರಿಗೂ ಹಬೆ, ಕೈಗಡಿಯಾರಕ್ಕೂ ಒಂದು ಪುಟ್ಟ ಬಾಯ್ಲರ್ ಇದ್ದಿದ್ದರೆ ಅವೆಲ್ಲ ಹೇಗೆ ಕಾಣುತ್ತಿದ್ದವು ಎಂದು ಊಹಿಸಿಕೊಂಡು, ಅಂಥವನ್ನು ಹಿತ್ತಾಳೆ, ತಾಮ್ರ, ಚರ್ಮದಲ್ಲಿ ಮಾಡುವುದು. ಹಲ್ಲುಚಕ್ರ ಇರಬೇಕು, ಒತ್ತಡ ತೋರಿಸುವ ಮುಳ್ಳು ಇರಬೇಕು, ಅಲ್ಲೊಂದು ಇಲ್ಲೊಂದು ಕೊಳವೆ ಸುತ್ತಿಕೊಂಡಿರಬೇಕು. ಯಾವುದೂ ಯಾವ ಕೆಲಸವನ್ನೂ ಮಾಡಬೇಕಾಗಿಲ್ಲ. ಮಾಡುವ ಹಾಗೆ ಕಂಡರೆ ಸಾಕು.

ಶುರುವಾದದ್ದು ಒಂದು ಹಳೇ ಬಂಗಲೆಯ ಬಚ್ಚಲುಮನೆಯಿಂದ. ಗೋಡೆ ಒಡೆದು ಹಳೆಯ ಪೈಪುಗಳನ್ನೆಲ್ಲ ಕಿತ್ತು ಎಸೆಯಲು ಬಂಗಲೆಯವರು ಹೇಳಿದ್ದರು. ಇವರು ಎಸೆಯಲಿಲ್ಲ, ಚೀಲಕ್ಕೆ ಹಾಕಿಕೊಂಡು ಬಂದರು. ಊಟಕ್ಕೆ ಕೂತವರು ಒಂದು ವಾಲ್ವನ್ನು ತಟ್ಟೆಯ ಪಕ್ಕ ಇಟ್ಟು, "ಇಲ್ಲಿ ನೋಡು" ಅಂದರು. ಅದರ ಹಿಡಿಯ ಸುತ್ತ ಆ ಕಾಲದ ಯಾರೋ ಸಣ್ಣ ಬಳ್ಳಿಯೊಂದನ್ನು ಕೆತ್ತಿದ್ದರು. "ಇದು ಇದ್ದಿದ್ದು ಗೋಡೆ ಒಳಗೆ. ಯಾರ ಕಣ್ಣಿಗೂ ಬೀಳಲ್ಲ ಅಂತ ಗೊತ್ತಿದ್ರೂ ಕೆತ್ತಿದಾನಲ್ಲ, ಆ ಪುಣ್ಯಾತ್ಮ." ಹಾಗೆ ಹೇಳುತ್ತ ಆ ಬಳ್ಳಿಯ ಮೇಲೆ ಬೆರಳಾಡಿಸಿದರು. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಬಂದ ಗಳಿಗೆಗಳನ್ನು ಆರಿಸು ಅಂದರೆ ಅದನ್ನೇ ಮೊದಲು ಆರಿಸುತ್ತೇನೆ. ವಾಲ್ವನ್ನು ಊಟದ ತಟ್ಟೆಯ ಪಕ್ಕ ಇಟ್ಟದ್ದಕ್ಕೆ ಬೈದೆ, ಅದು ಬೇರೆ ವಿಷಯ.

ಆ ವಾಲ್ವು ಒಂದು ದೀಪವಾಯಿತು. ದೀಪದ ಹಿಂದೆ ಕನ್ನಡಕ, ಕನ್ನಡಕದ ಹಿಂದೆ ತೋಳಿಗೆ ಕಟ್ಟುವ ಗಡಿಯಾರ. ಹೊಸ ಹಿತ್ತಾಳೆ ಹಳತಾಗಿ ಕಾಣಬೇಕೆಂದು ನನ್ನ ವಿನೆಗರ್ ಬಾಟಲಿ, ನನ್ನ ಉಪ್ಪಿನ ಡಬ್ಬಿ ಹಿಂದಿನ ಕೋಣೆಗೆ ನಡೆದುಕೊಂಡು ಹೋದವು. ಬದುಕಿನುದ್ದಕ್ಕೂ ಪಾತ್ರೆ ಫಳಫಳ ಅನ್ನಲಿ ಎಂದು ತಿಕ್ಕಿದವಳು ನಾನು, ಕಟ್ಟಿಕೊಂಡದ್ದು ಫಳಫಳ ಅನ್ನುವುದಕ್ಕೆ ಕಿಲುಬು ಹಿಡಿಸಿ ಕುಣಿದಾಡುವವರನ್ನು. ಆಮೇಲೆ ಇಂಥವರೇ ಇನ್ನೂ ಕೆಲವರು ಸಿಕ್ಕಿದರು. ಟೈಲರ್ ಒಬ್ಬರು, ಹಲ್ಲಿನ ಸೆಟ್ ಮಾಡುವವರೊಬ್ಬರು. ವಾರಕ್ಕೊಮ್ಮೆ ಟೈಲರ್ ಅಂಗಡಿಯಲ್ಲಿ ಸೇರುವುದು, ವರ್ಷಕ್ಕೊಮ್ಮೆ ಒಂದು ಹಾಲ್ ಹಿಡಿದು ಪ್ರದರ್ಶನ ಮಾಡುವುದು. ಪ್ರದರ್ಶನಕ್ಕೆ ಉದ್ದ ಕೋಟು, ಎತ್ತರದ ಟೋಪಿ ಹಾಕಿಕೊಂಡು ನಿಲ್ಲಬೇಕು. ಟೈಲರ್ ಇವರಿಗೆ ಕ್ಯಾಪ್ಟನ್ ಕೋಟು ಹೊಲಿದು, ತೊಡಿಸಿ ನೋಡಿ, ತಲೆ ಅಲ್ಲಾಡಿಸಿದರಂತೆ. "ಎಲ್ಲಾ ಸರಿ ಇದೆ ಸಾರ್. ಆದ್ರೆ ಮೀಸೆ ಇಲ್ದೆ ಕ್ಯಾಪ್ಟನ್ ಥರ ಕಾಣಲ್ಲ, ಟಿಕೆಟ್ ಚೆಕ್ ಮಾಡೋರ ಥರ ಕಾಣ್ತೀರ."

ಅವತ್ತು ಬಿಟ್ಟ ಮೀಸೆ. ಅಂಥಿಂಥ ಮೀಸೆಯಲ್ಲ. ಮೊದಲು ಮೇಲ್ದುಟಿ ಕಾಣೆಯಾಯಿತು, ಬರಬರುತ್ತ ಕೆಳದುಟಿಯೂ ಹೋಯಿತು, ಎರಡು ವರ್ಷದಲ್ಲಿ ತುದಿಗಳು ಕೆನ್ನೆ ದಾಟಿ ಮೇಲಕ್ಕೆ ಸುರುಳಿ ಸುತ್ತಿದವು. ಬೆಳಿಗ್ಗೆ ಎದ್ದು ಅದಕ್ಕೆ ಮೇಣ ಹಚ್ಚಿ ತಿದ್ದುವುದೇ ಒಂದು ಪೂಜೆ. ಚಹಾದಲ್ಲಿ ನೆನೆಯಬಾರದೆಂದು ಕಪ್ಪಿನ ಅಂಚಿಗೆ ಹಿತ್ತಾಳೆಯ ಸಣ್ಣ ಕಟ್ಟೆಯೊಂದನ್ನು ಕೂಡಿಸಿಕೊಂಡರು. ಹಿಂದಿನ ಕೋಣೆಯಿಂದ ಹೊರಬಂದ ಸಾಮಾನುಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅದೊಂದೇ.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ಮಗನನ್ನೂ ಮಗಳನ್ನೂ ಸಾಕಿದವರು. ಮಿಲ್ಲು ಮುಚ್ಚಿದ ಮೇಲೆ ನಾನು ಈ ಮನೆಗೆ ಸೊಸೆಯಾಗಿ ಬಂದದ್ದು. ಯಂತ್ರ ಅಂದರೆ ಕೆಲಸ ಮಾಡಬೇಕು ಎಂಬುದು ಅವರ ಲೆಕ್ಕ. ಮಗ ಹೊಸದೇನಾದರೂ ತಂದು ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ ಒಂದೇ ಮಾತು ಕೇಳುವರು: "ಇದೇನ್ ಮಾಡುತ್ತೆ?"

"ಏನೂ ಮಾಡಲ್ಲಮ್ಮ. ನೋಡೋದಕ್ಕೆ."

"ಹಾಗಾದ್ರೆ ಇದೂ ನಿನ್ನ ಚಿಕ್ಕಪ್ಪನೂ ಒಂದೇ."

ಇಷ್ಟು ಅಂದು ಇಬ್ಬರೂ ನಗುತ್ತಿದ್ದರು. ತಾಯಿ ಮಗನ ಹರಟೆ ಕೇಳುವುದಕ್ಕೇ ಚೆಂದ. ಇವರು ಕೆಲಸದಿಂದ ಬಂದವರು ಅಮ್ಮನ ಮಂಚದ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಯಾರ ಮನೆಯ ಸಿಂಕಿನಲ್ಲಿ ಏನು ಸಿಕ್ಕಿತು, ಯಾರ ಮನೆಯಲ್ಲಿ ಗಂಡ ಹೆಂಡತಿ ಕೋಳಿಜಗಳ ಎಂದೆಲ್ಲ ಒಪ್ಪಿಸಬೇಕು. ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಬೇಕು. ಆಮೇಲೆಯೇ ಹಿಂದಿನ ಕೋಣೆ.

ಅದು ಹೇಗೆ ನಿಂತಿತೆಂದು ಹೇಳಲಾರೆ. ಮೊದಮೊದಲು ಅತ್ತೆ ನಗಬೇಕಾದಲ್ಲಿ ಸುಮ್ಮನಿದ್ದರು, ಸುಮ್ಮನಿರಬೇಕಾದಲ್ಲಿ ಹೂಂ ಅಂದರು. ಇವರು ಧ್ವನಿ ಏರಿಸಿದರೆ "ಯಾಕೆ ರೇಗ್ತೀಯ" ಎಂದು ಮುಖ ಚಿಕ್ಕದು ಮಾಡಿದರು. ವಯಸ್ಸಾಯಿತು, ಕಿವಿ ಮಂದವಾಯಿತು ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಕೊಡಿಸಿದೆವು. ಅದು ಕುಯ್ ಅನ್ನುತ್ತದೆ ಎಂದು ಅತ್ತೆ ಅದನ್ನು ಗುಂಡಿ, ಸೂಜಿ ಇಡುವ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ಮಗ ಎದುರಿಗೆ ಬಂದು ಕೂತರೆ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಸ್ಟೂಲ್ ಮೂಲೆಗೆ ಹೋಯಿತು.

ಪ್ರದರ್ಶನ ಹತ್ತಿರ ಬಂದಾಗ ನಾದಿನಿ ಬಂದಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡು, ನನ್ನೆದುರಿಗೇ, "ನನ್ನ ನಿನ್ನ ಮನೆಗೆ ಕರ್ಕೊಂಡು ಹೋಗಿಬಿಡು" ಅಂದರು. "ಇಲ್ಲಿ ಊಟಕ್ಕೆ ಬಟ್ಟೆಗೆ ಏನೂ ಕಮ್ಮಿ ಇಲ್ಲ. ಮಗನೇ ಮಾತು ಬಿಟ್ಟಿದಾನೆ. ಎದುರಿಗೆ ಬಂದು ಕೂರ್ತಾನೆ, ಒಂದಕ್ಷರ ಆಡಲ್ಲ." ಬರುವ ಭಾನುವಾರ ಸಂಜೆ ಕಾರು ತರುತ್ತೇನೆ ಎಂದು ಹೇಳಿ ನಾದಿನಿ ಹೋದಳು. ಹೋಗುವಾಗ ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಇದನ್ನು ಕೇಳಿ ನಮ್ಮವರು ಚೀಲವನ್ನು ಬಾಗಿಲಲ್ಲೇ ಇಟ್ಟುಬಿಟ್ಟರು. "ನಾನು ಮಾತು ಬಿಟ್ಟೆನಾ? ಗಂಟಲು ಹರಿಯೋ ಹಾಗೆ ಕೂಗ್ತೀನಲ್ಲೇ."

ಆ ಭಾನುವಾರವೇ ಪ್ರದರ್ಶನ. ಅದಕ್ಕೆಂದು ಮಾಡುತ್ತಿದ್ದ ಹಾರುವ ಹಡಗಿನ ಚುಕ್ಕಾಣಿ ಅರ್ಧಕ್ಕೆ ನಿಂತಿತು. ಹಿಂದಿನ ಕೋಣೆಯಲ್ಲಿ ತಾಮ್ರದ ತಗಡು ಬಡಿಯುವ ಸದ್ದು ಶುರುವಾಯಿತು. ಅವರು ಮಾಡಿದ್ದು ಕಿವಿಗೆ ಹಿಡಿಯುವ ತುತ್ತೂರಿ. ಆ ರಾಣಿಯ ಕಾಲದಲ್ಲಿ ಕಿವಿ ಕೇಳಿಸದವರು ಸಣ್ಣ ತುದಿಯನ್ನು ಕಿವಿಗಿಟ್ಟುಕೊಂಡರೆ ಎದುರಿನವರು ಅಗಲ ಬಾಯಿಗೆ ಮಾತಾಡುತ್ತಿದ್ದರಂತೆ. ಕತ್ತು ಹಂಸದ ಕತ್ತಿನ ಹಾಗೆ ಬಾಗಿತ್ತು, ಅದರ ಮೇಲೆ ಪುಟ್ಟ ಪುಟ್ಟ ಹಲ್ಲುಚಕ್ರ, ಅಂಚಿಗೆ ಸುತ್ತಲೂ ಆ ಹಳೇ ವಾಲ್ವಿನಲ್ಲಿದ್ದಂಥದೇ ಬಳ್ಳಿ. ಕಿವಿಗೆ ತಾಗುವಲ್ಲಿ ಟೈಲರ್ ಕೊಟ್ಟ ಮೆತ್ತನೆಯ ಚರ್ಮ. ಇದೊಂದಕ್ಕೆ ಮಾತ್ರ ವಿನೆಗರ್ ಮುಟ್ಟಿಸಲಿಲ್ಲ. "ಅಮ್ಮನ ಕಿವಿಗೆ ಕಿಲುಬು ಬೇಡ" ಅಂದರು. ಅವರು ಇಷ್ಟು ಚೆಂದದ್ದನ್ನು ಹಿಂದೆಂದೂ ಮಾಡಿರಲಿಲ್ಲ, ಹೊಟ್ಟೆಕಿಚ್ಚಿನ ನಾದಿನಿಯೂ ಒಪ್ಪುತ್ತಿದ್ದಳು.

ಶನಿವಾರ ಮಧ್ಯಾಹ್ನ ತುತ್ತೂರಿಯನ್ನು ತಂದು ಅತ್ತೆಯ ಕೈಗಿಟ್ಟರು. ಅತ್ತೆ ವಾಡಿಕೆಯಂತೆ ತಿರುಗಿಸಿ ನೋಡಿದರು. ಏನು ಮಾಡುತ್ತೆ ಎಂದು ಕೇಳುವುದಕ್ಕೆ ಮುಂಚೆಯೇ ಇವರು ಅದರ ತುದಿಯನ್ನು ಅವರ ಕಿವಿಗೆ ಹಿಡಿದು, ಅಗಲ ಬಾಯಿಯೊಳಗೆ ಮುಖ ತೂರಿಸಿ ಮಾತಾಡಿದರು. ಏನೆಂದು ಹೇಳುವುದಿಲ್ಲ, ಅದು ಮಗ ತಾಯಿಗೆ ಆಡಿದ ಮಾತು. ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣು ತುಂಬಿತು.

ಅತ್ತೆ ಸ್ವಲ್ಪ ಹೊತ್ತು ಕೇಳಿ, ತುತ್ತೂರಿಯನ್ನು ಕೆಳಗಿಳಿಸಿದರು. "ಮಿಲ್ಲಿನ ಸದ್ದು ಬರುತ್ತೆ. ಚೆನ್ನಾಗಿದೆ" ಎಂದು ಅದನ್ನು ದಿಂಬಿನ ಪಕ್ಕ ಇಟ್ಟು, ಅರ್ಧ ತುಂಬಿದ್ದ ತಮ್ಮ ಪೆಟ್ಟಿಗೆಗೆ ಸ್ವೆಟರ್ ಮಡಿಚತೊಡಗಿದರು.

ನಮ್ಮವರು ಎದ್ದು ಹೋದರು. ನನಗೆ ರೋಷ ಉಕ್ಕಿತು. ತಟ್ಟೆ ಒರೆಸುತ್ತ ಅಲ್ಲೇ ಅವರ ಎದುರಿಗೆ ನಿಂತು, ನನ್ನ ಕಿವಿಗೇ ಕೇಳಿಸದಷ್ಟು ಸಣ್ಣಗೆ, "ಅಷ್ಟು ಒದ್ದಾಡಿ ಮಾಡಿದ್ದಕ್ಕೆ ಒಂದು ಒಳ್ಳೇ ಮಾತಾಡಿದ್ರೆ ಬಾಯಿ ಸವೆದು ಹೋಗುತ್ತಾ" ಎಂದು ಗೊಣಗಿದೆ.

"ಚೆನ್ನಾಗಿದೆ ಅಂದೆನಲ್ಲ, ಅದೇನು ಬೈಗುಳವಾ?" ಅಂದರು ಅತ್ತೆ.

ತಟ್ಟೆ ಕೈಜಾರಿತು. ತುತ್ತೂರಿಯಲ್ಲಿ ಅರಚಿದ್ದು ಕೇಳಿಸದವರಿಗೆ ಇದು ಹೇಗೆ ಕೇಳಿಸಿತು? ಬಗ್ಗಿ ತಟ್ಟೆ ಎತ್ತಿಕೊಂಡು ಬಾಯಿಗೆ ಅಡ್ಡ ಹಿಡಿದು, "ಅತ್ತೇ, ಕೇಳಿಸುತ್ತಾ?" ಎಂದು ಜೋರಾಗಿ ಕೇಳಿದೆ.

"ತಟ್ಟೆ ತೆಗ್ದು ಮಾತಾಡು. ಮುಖ ಮುಚ್ಚಿಕೊಂಡ್ರೆ ನನಗೇನು ಗೊತ್ತಾಗುತ್ತೆ?"

ನಾನು ಅವರ ಮಂಚದ ಮೇಲೆ ಕೂತುಬಿಟ್ಟೆ. "ಯಾವಾಗಿಂದ?"

ಅತ್ತೆ ಸ್ವೆಟರಿನ ತೋಳು ಸರಿಮಾಡುತ್ತ, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಹೇಳಿದರು. "ಮಿಲ್ಲಲ್ಲೇ ಹೋಯ್ತು. ಅಷ್ಟೊಂದು ಮಗ್ಗ ಒಟ್ಟಿಗೆ ಬಡಿಯೋವಾಗ ಯಾರ ಕಿವಿ ಉಳಿಯುತ್ತೆ? ಅಲ್ಲಿ ನಾವ್ಯಾರೂ ಧ್ವನಿ ತೆಗೆದು ಮಾತಾಡ್ತಾನೇ ಇರಲಿಲ್ಲ. ಬಾಯಿ ಆಡಿಸೋದು, ನೋಡಿ ತಿಳ್ಕೊಳೋದು. ಇವನೂ ಚಿಕ್ಕೋನಿದ್ದಾಗ ಬುತ್ತಿ ತಂದು ಕಿಟಕಿ ಆಚೆ ನಿಂತ್ಕೊಂಡು ಹಾಗೇ ಮಾತಾಡೋನು. ಹೇಳಿದ್ರೆ ಎಲ್ಲರೂ ಕಿವುಡಿ ಅಂತಾರೆ, ಅದಕ್ಕೇ ಹೇಳ್ಲಿಲ್ಲ." ಆಮೇಲೆ ಹಿಂದಿನ ಕೋಣೆಯ ಕಡೆ ನೋಡಿ, "ಈಗ ಅವನ ಬಾಯಿ ಎಲ್ಲಿದೆ ಹೇಳು. ಆ ಪೊರಕೆ ಅಲ್ಲಾಡುತ್ತೆ, ಅಷ್ಟೇ. ಮಾತಾಡ್ತಿದಾನೋ ಅಗೀತಿದಾನೋ ದೇವರಿಗೇ ಗೊತ್ತು."

"ಮೀಸೆ ತೆಗಿ ಅಂತ ಹೇಳಬಾರದಿತ್ತಾ?"

"ಅಷ್ಟು ಆಸೆಯಿಂದ ಬೆಳೆಸ್ಕೊಂಡಿದಾನೆ. ಹೇಗೆ ಹೇಳ್ಲಿ?"

ಬೆನ್ನ ಹಿಂದಿನಿಂದ ಕರೆದರೆ ಅತ್ತೆ ತಿರುಗುತ್ತಿರಲಿಲ್ಲ. ಅದನ್ನು ಅವರ ಗತ್ತು ಎಂದುಕೊಂಡು ಇಷ್ಟು ವರ್ಷ ಸಂಸಾರ ಮಾಡಿದ್ದೆ. ಆ ಹೊತ್ತು ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ. ಜೊತೆಗೆ, ಅತ್ತೆಗೆ ಕೇಳಿಸುವುದಿಲ್ಲ ಎಂದು ಒಲೆಯ ಮುಂದೆ ನಿಂತು ನಾನು ಗೊಣಗಿಕೊಂಡದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂದು ಮೈ ಬೆವರಿತು.

ಹಿಂದಿನ ಕೋಣೆಯಲ್ಲಿ ನಮ್ಮವರು ಅರ್ಧ ಚುಕ್ಕಾಣಿಯ ಮುಂದೆ ಕೂತಿದ್ದರು. ಎದುರಿಗೆ ಟೈಲರ್ ಇಸ್ತ್ರಿ ಮಾಡಿ ತಂದ ಕ್ಯಾಪ್ಟನ್ ಕೋಟು ಹಿಡಿದುಕೊಂಡು ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಇವರು ಕೇಳುತ್ತ ಕೇಳುತ್ತ ಮೀಸೆಯ ತುದಿಯನ್ನು ಮುಟ್ಟಿಕೊಂಡರು. ಮಿಲ್ಲಿನ ಕಿಟಕಿ ಅಂದಾಗ ಆ ಕೈ ಅಲ್ಲೇ ನಿಂತಿತು.

"ಅದು ಆಟ ಅಂದ್ಕೊಂಡಿದ್ದೆ ಕಣೇ" ಅಂದರು. "ಅಮ್ಮ ನನ್ನ ಜೊತೆ ಆಟ ಆಡ್ತಾಳೆ ಅಂತ."

ಎದ್ದು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರು ಬಿಟ್ಟ ಸದ್ದು ಕೇಳಿ ಟೈಲರ್ ಗಾಬರಿಯಾದರು. "ಅಮ್ಮಾವ್ರೇ, ನಾಳೆ ಪ್ರದರ್ಶನ ಮುಗಿದ ಮೇಲೆ ತೆಗೀಬಹುದಲ್ವಾ? ನಾದಿನಿಯವರ ಕಾರು ಬರೋದು ಸಂಜೆ ತಾನೇ?" ಪಾಪ, ಅವರ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಒಳಗಿದ್ದವರು ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ.

ಹೊರಬಂದ ಮುಖ ನೋಡಿ ನನಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಮೂಗಿನ ಕೆಳಗೆ ಬಿಸಿಲು ಕಾಣದ ಬಿಳಿ ಚರ್ಮ, ಕಿವಿಯ ಹತ್ತಿರ ಸೋಪಿನ ನೊರೆ. ನೇರ ಅಮ್ಮನ ಮಂಚದ ಎದುರಿಗೆ ಹೋದರು, ಮೂಲೆಯಿಂದ ಸ್ಟೂಲ್ ಎಳೆದುಕೊಂಡು ಕೂತರು. ಬಾಗಿಲಲ್ಲಿ ನಾನೂ ಟೈಲರೂ ನಿಂತೆವು. ಇವರ ಬೆನ್ನು ನಮ್ಮ ಕಡೆಗಿತ್ತು. ನಮಗೆ ಒಂದು ಶಬ್ದವೂ ಕೇಳಿಸಲಿಲ್ಲ.

ಅತ್ತೆಯ ಕೈಯಲ್ಲಿದ್ದ ಬಟ್ಟೆ ಮಡಿಲಿಗೆ ಬಿತ್ತು. ಮಗನ ಬಾಯನ್ನೇ ನೋಡುತ್ತಿದ್ದರು.

"ಸರಿ ಬಿಡು, ಹೋಗಲ್ಲ" ಅಂದರು. "ಮೊದಲು ಮೂತಿ ತೊಳ್ಕೊ. ಸೋಪು ಅಂಟಿದೆ."

ಮರುದಿನ ಪ್ರದರ್ಶನದ ಹಾಲ್ ಗಿಜಿಗುಡುತ್ತಿತ್ತು. ಒಂದು ಮೂಲೆಯಲ್ಲಿ ಯಾರೋ ಸೀಟಿ ಊದುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಮೈಕು ಕಿರುಚುತ್ತಿತ್ತು. ಪಕ್ಕಪಕ್ಕ ನಿಂತು ಮಾತಾಡಿದರೂ ಒಬ್ಬರದು ಒಬ್ಬರಿಗೆ ತಿಳಿಯದು. ಬೋಳು ಮುಖದ ಕ್ಯಾಪ್ಟನ್ ವೇದಿಕೆಯ ಮೇಲೆ ಅರ್ಧ ಚುಕ್ಕಾಣಿಯ ಪಕ್ಕ ನಿಂತಿದ್ದರು. ಟೈಲರ್ ಹೇಳಿದ್ದು ನಿಜ, ಟಿಕೆಟ್ ಚೆಕ್ ಮಾಡುವವರ ಹಾಗೇ ಕಾಣುತ್ತಿದ್ದರು. ತುತ್ತೂರಿ ಮಾತ್ರ ಬಂದಿರಲಿಲ್ಲ. ಅದು ಕೆಲಸಕ್ಕೆ ಬಂತು ಎಂದು ಅತ್ತೆ ಅದರ ತುಂಬ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿ ಮನೆಯಲ್ಲಿ ಇಟ್ಟುಕೊಂಡಿದ್ದರು.

ಅತ್ತೆ ಹಾಲಿನ ಈ ಕೊನೆಯಲ್ಲಿ ಕುರ್ಚಿ ಹಿಡಿದು ಕೂತಿದ್ದರು, ನಾನು ಕೆಲವು ಹೆಜ್ಜೆ ಆಚೆ ಗೋಡೆಗೆ ಒರಗಿದ್ದೆ. ತಾಯಿ ತುಟಿ ಆಡಿಸಿದರು, ಅಷ್ಟು ದೂರದಿಂದ ಮಗ ತುಟಿ ಆಡಿಸಿದರು, ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಇಷ್ಟು ಗದ್ದಲದಲ್ಲಿ ನಿರಾಳವಾಗಿ ಮಾತಾಡುತ್ತಿದ್ದವರು ಅವರಿಬ್ಬರೇ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ವೇದಿಕೆಯಿಂದ ಇಳಿದು, ಜನರನ್ನು ಸರಿಸಿಕೊಂಡು, ಒಂದು ಕುರ್ಚಿ ಎತ್ತಿಕೊಂಡು ನನ್ನ ಹತ್ತಿರ ಬಂದರು.

"ಯಾರಿಗೆ ಇದು?" ಎಂದು ಅವರ ಕಿವಿಯಲ್ಲಿ ಕೂಗಿದೆ.

"ನಿನಗೇ. ಆಗಿಂದ ಕಾಲು ನೋವು ಅಂತ ಗೊಣಗ್ತಿದಾಳೆ, ಯಾರೂ ಕೇಳಿಸ್ಕೊಳ್ತಿಲ್ಲ, ಅಂತ ಅಮ್ಮ ಹೇಳಿದ್ಳು."