ಸೂಜಿ ಕುದಿಸಿದ ತಂಬಿಗೆ

ಗೆಳೆಯರೇ, ಇವತ್ತು ದಾದರಿನ ನಮ್ಮ ಚಾಳಿನ ಖೋಲಿಯಲ್ಲಿ ನಾನು ತಲೆ ತಗ್ಗಿಸಬೇಕಾಯಿತು. ಅವ್ವನಿಗೆ ಇಂಜೆಕ್ಷನ್ ಕೊಡಲು ಬಂದ ಮಂಗಳೂರಿನ ಕ್ರಿಶ್ಚಿಯನ್ ನರ್ಸ್ ಸೂಜಿ ಕುದಿಸಲು ಪಾತ್ರೆ ಕೇಳಿದರು.

“ಅಡಗಿ ಭಾಂಡಿ ಮುಟ್ಟಿಸಬ್ಯಾಡ, ಮೈಲಿಗಿ ಆಗ್ತದ,” ಎಂದು ಅವ್ವ ಹಾಸಿಗೆಯಿಂದಲೇ ಗದರಿದಳು.

ನಾನು ಮೂಲೆಯ ಬಚ್ಚಲು ಮೋರಿಯ ಬಳಿಯಿದ್ದ, ಕಾಲು ತೊಳೆಯುವ ತಂಬಿಗೆ ತಂದುಕೊಟ್ಟೆ.

ನರ್ಸ್ ಅದರೊಳಗೆ ಇಣುಕಿದರು. “ರಾಯರೇ, ಈ ಸೂಜಿ ಚುಚ್ಚುವುದು ನನಗಲ್ಲ, ನಿಮ್ಮ ಅಮ್ಮನಿಗೆ.”

ಅವರೇ ಬೂದಿ ಹಚ್ಚಿ ತಂಬಿಗೆಯನ್ನು ಮೂರು ಸಲ ತಿಕ್ಕಿ, ನೀರು ತುಂಬಿ, ಸೂಜಿ ಹಾಕಿ ಚೆನ್ನಾಗಿ ಕುದಿಸಿದರು.

ಅವರು ಹೋದ ಮೇಲೆ ಅವ್ವ, “ಆ ತಂಬಗಿ ಹೊರಗ ಇಡೋ,” ಎಂದಳು.

ತೆಪ್ಪಗೆ ಇಟ್ಟೆ. ಇವತ್ತು ನಮ್ಮ ಮನೆಯಲ್ಲಿ ಅದಕ್ಕಿಂತ ಶುಚಿಯಾದ ಪಾತ್ರೆ ಇನ್ನೊಂದಿರಲಿಲ್ಲ.