ಕಂಪಲಾಪುರದ ಮಾವ ಚಿವುಟಿದ ಕಾಲು

ಇವತ್ತು ಬೆಳಿಗ್ಗೆ ಹೆಂಡತಿ ದೇವಮ್ಮಣ್ಣಿ ನನ್ನ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಾ, ಸೊಂಟದ ಮೇಲೊಂದು ಕಡೆ ಬೆರಳು ನಿಲ್ಲಿಸಿ, “ಇಲ್ಲೇ ಅಲ್ವಾ ಅವತ್ತು ಚುಚ್ಚಿದ್ದು?” ಎಂದಳು. ಗುರುತೇನೂ ಇಲ್ಲ, ಇರುವುದು ಬರೀ ಮೂಳೆ. ಆದರೂ ಎಣ್ಣೆಯ ನಡುವೆ ನನಗೆ ಸ್ಪಿರಿಟ್ಟಿನ ವಾಸನೆ ಹೊಡೆಯಿತು. ನಲವತ್ತೈದು ವರ್ಷದ ಹಿಂದಿನ ಸೂಜಿ. ನೀವಾಗಿದ್ದರೆ ಮರೆಯುತ್ತಿದ್ದಿರಾ?

ಐವತ್ತರ ದಶಕದ ಮಾತು. ನಾನು ಹಾರನಹಳ್ಳಿಯಲ್ಲಿ ಮೇಷ್ಟ್ರು. ಶಾಲೆಯ ಬೀರುವನ್ನು ಒಬ್ಬನೇ ಎತ್ತಿ ಭೀಮನಾಗಲು ಹೋಗಿ ಹರ್ನಿಯಾ ಮಾಡಿಕೊಂಡಿದ್ದೆ. ಅದೇ ಹೊತ್ತಿಗೆ ಕಂಪಲಾಪುರದ ಮಾದಪ್ಪನವರ ಮಗಳ ಜೊತೆ ಮದುವೆಯ ಮಾತು ಮುಗಿದು, ವೀಳ್ಯಶಾಸ್ತ್ರವೊಂದು ಬಾಕಿಯಿತ್ತು. ಹೆಣ್ಣು ನೋಡಲು ಹೋದ ದಿನ ಆ ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು ಒಮ್ಮೆ ನಕ್ಕಿದ್ದಳು. ಅಷ್ಟಕ್ಕೇ ನಾನು ಕೆಟ್ಟೆ. ಅವಳಲ್ಲದೆ ಇನ್ನೊಬ್ಬಳು ನನಗೆ ಬೇಡವೇ ಬೇಡವಾಗಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, “ಮೇಷ್ಟ್ರೇ, ಎಚ್ಚರ ತಪ್ಪಿಸಲ್ಲ. ಬೆನ್ನಿಗೊಂದು ಸೂಜಿ, ಸೊಂಟದಿಂದ ಕೆಳಗೆ ಮರಗಟ್ಟುತ್ತೆ ಅಷ್ಟೆ” ಎಂದರು. ಗಲ್ಲ ಮೊಣಕಾಲಿಗೆ ತಾಗುವಂತೆ ಮುದುರಿ ಕೂರಿಸಿ ಚುಚ್ಚಿದರು. ಕಾಲಿಗೆ ಬಿಸಿನೀರು ಹುಯ್ದಂತಾಯಿತು. ಆಮೇಲೆ ನೋಡಿದರೆ ಕಾಲೇ ಇಲ್ಲ! ಕೆಳಹೊಟ್ಟೆಯ ಹತ್ತಿರ ಯಾರೋ ಗೋಣಿಚೀಲದಲ್ಲಿ ಕೈಹಾಕಿ ಹುಡುಕುತ್ತಿರುವ ಹಾಗೆ ಎಳೆದಾಟ, ನೋವು ಮಾತ್ರ ಚೂರೂ ಇಲ್ಲ. ಕೊನೆಗೆ ವಾರ್ಡಿನ ಆಳೊಬ್ಬ ಒಂದು ಕಾಲನ್ನು ಎತ್ತಿ ಹಿಡಿದಿದ್ದ. ಪಾಪ, ಯಾರದೋ ಕಾಲು ಎಂದು ಮರುಗಿದೆ. ಹೆಬ್ಬೆರಳಿನ ಮೇಲೆ ನಮ್ಮ ಶಾಲೆಯ ಮಸಿ ಕಂಡಾಗ ಗೊತ್ತಾಯಿತು, ಅದು ನನ್ನದೇ.

“ದಿಂಬು ಬೇಡ, ನಾಳೆವರೆಗೂ ತಲೆ ಎತ್ತಕೂಡದು” ಎಂದು ಡಾಕ್ಟರು ಹೇಳಿಹೋದರು. ಅರ್ಧ ಗಂಟೆಯೂ ಆಗಿಲ್ಲ, ಕಿಟಕಿಯಲ್ಲಿ ನಿಂತಿದ್ದ ನನ್ನವ್ವ ಬೆಚ್ಚಿಬಿದ್ದಳು.

“ಬೀಗ್ರು ಬತ್ತಾವ್ರೆ ಕಣೋ! ಎದ್ ಕೂತ್ಕೊ! ಎಣ್ಣಿನಪ್ಪನ್ ಮುಂದೆ ಯಾರಾದ್ರೂ ಮಲಗಿರ್ತಾರಾ?”

“ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ.”

“ಡಾಕ್ಟ್ರು ಎಣ್ ಕೊಡ್ತಾರಾ?”

ಅವ್ವ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮಡಚಲಾಗದ ಕಾಲುಗಳ ಮೇಲೆ ಕಂಬಳಿ ಹೊದಿಸಿದಳು.

ಮಾದಪ್ಪನವರು ಕಾಲ ಬಳಿ ಕೂತರು. ಬರುತ್ತಾ ಬಸ್ಸಿನಲ್ಲಿ, ‘ಮೇಷ್ಟ್ರ ಬೆನ್ನುಮೂಳೆಗೆ ಸೂಜಿ ಆಕವ್ರಂತೆ, ಕಾಲು ಸತ್ತೋಗವಂತೆ’ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಜಾತ್ರೆಯಲ್ಲಿ ಎತ್ತಿನ ಕಾಲು ಒತ್ತಿ ನೋಡದೆ ಹಗ್ಗ ಹಿಡಿದವರಲ್ಲ ಅವರು. ಮೆಲ್ಲಗೆ ಅವರ ಕೈ ಕಂಬಳಿಯ ಕಡೆ ಸರಿಯಿತು. ಚಿವುಟುತ್ತಿದ್ದಾರೆ ಎಂದುಕೊಂಡ ನಾನು, ಮದುವೆ ಉಳಿಸಿಕೊಳ್ಳಲು, “ಅಯ್ಯಯ್ಯಪ್ಪಾ!” ಎಂದು ಚೀರಿದೆ.

“ಯಾಕ್ರೀ ಮೇಷ್ಟ್ರೇ? ನಾನಿನ್ನೂ ಮುಟ್ಟೇ ಇಲ್ವಲ್ಲ. ಕಂಬ್ಳಿ ಜಾರ್ತಿತ್ತು, ಸರ್ಮಾಡ್ದೆ.”

ಮಾತು ಮರೆಸಲು, ಹೊಗೆಸೊಪ್ಪು ಈ ಸಲ ಹೇಗೆ ಎಂದು ಕೇಳಿದೆ. ಅವರು ಸೊಪ್ಪಿನ ಸಮಾಚಾರ ಹೇಳುತ್ತಾ ಹೇಳುತ್ತಾ, ಈ ಬಾರಿ ನಿಜವಾಗಿಯೇ ಉಗುರು ನೆಟ್ಟು ಚಿವುಟಿದರಂತೆ. ಎದುರಿಗಿದ್ದ ಅವ್ವ ಆಮೇಲೆ ಹೇಳಿದಳು. ನಾನು ಹಲ್ಲು ಬಿಟ್ಟುಕೊಂಡು, “ಬಹಳ ಸಂತೋಷ” ಎನ್ನುತ್ತಿದ್ದೆ. ಮಾದಪ್ಪನವರು ಎದ್ದು, “ಬತ್ತೀನಿ ಕಣ್ರವ್ವ” ಎಂದಷ್ಟೇ ಹೇಳಿ ನಡೆದುಬಿಟ್ಟರು.

ಸಂಜೆ ಕಾಲಿಗೆ ಇರುವೆ ಹರಿದಂತಾಗಿ ಜೀವ ಬಂತು. ಮೊದಲು ನೋವೆದ್ದದ್ದೇ ಆ ಚಿವುಟಿದ ಜಾಗ. ಖುಷಿಗೆ “ನೋಯ್ತಾ ಅದೆ!” ಎಂದು ಕೂಗಿದೆ. ಕೇಳಿಸಿಕೊಳ್ಳಬೇಕಾದವರು ಅಷ್ಟು ಹೊತ್ತಿಗೆ ಕಂಪಲಾಪುರ ಸೇರಿದ್ದರು.

ಮಾರನೆಯ ದಿನದಿಂದ ಶುರುವಾಯಿತು ತಲೆನೋವು. ಎಂಥ ತಲೆನೋವು ಅಂತೀರಿ! ಮಲಗಿದರೆ ನಾನೇ ರಾಜ, ಎದ್ದು ಕೂತರೆ ತಲೆ ಎರಡು ಹೋಳು. “ಸೂಜಿಯಿಂದಾಗಿದ್ದು, ವಾಸಿಯಾಗುತ್ತೆ, ಮಲಗಿ” ಎಂದರು ಡಾಕ್ಟರು. ಬೀಗರ ದೃಷ್ಟಿ ಎಂದಳು ಅವ್ವ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ನನ್ನ ತಲೆನೋವು ಹೋಗಲಿಲ್ಲ, ಕೆಮ್ಮುತ್ತಾ ಇಡೀ ವಾರ್ಡೇ ಹೊರಗೆ ಹೋಯಿತು. ಯೋಗಕ್ಷೇಮ ವಿಚಾರಿಸಲು ಬಂದ ಹೆಡ್‌ಮಾಸ್ಟರಂತೂ, ಪಾಠ ತಪ್ಪಿಸಲು ಇಷ್ಟು ಅನುಕೂಲವಾದ ಕಾಯಿಲೆ ತಾವು ಕಂಡಿಲ್ಲ ಎಂದರು. ನನ್ನ ಸಂಕಟವೇ ಬೇರೆ. ಕಂಪಲಾಪುರದಿಂದ ಒಂದು ಮಾತೂ ಬಂದಿರಲಿಲ್ಲ. ಮಲಗಿದಲ್ಲೇ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಎಂಟನೆಯ ದಿನ ಮಾದಪ್ಪನವರು ಹೇಳಿ ಕಳಿಸಿದರು, ಸೋಮವಾರ ವೀಳ್ಯಶಾಸ್ತ್ರ. ತಲೆ ಹೋಳಾದರೂ ಸರಿ, ಎದ್ದು ಕೂತು ಮರ್ಯಾದೆ ತೋರಿಸಿದೆನಲ್ಲ, ಮಾವ ಅದಕ್ಕೇ ಮೆಚ್ಚಿದರು ಎಂದು ಅಂದಿನಿಂದ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಇವತ್ತೂ ಅದನ್ನೇ ಹೇಳಿದೆ. ದೇವಮ್ಮಣ್ಣಿ ಎಣ್ಣೆಯ ಕೈ ನಿಲ್ಲಿಸಿದಳು.

“ಅಪ್ಪ ಎಲ್ಲಿ ಮೆಚ್ಕಂಡ್ರು? ‘ಕಾಲು ಓಗವೆ ಕಣವ್ವ, ಈ ಸಂಬಂಧ ಬ್ಯಾಡ’ ಅಂತ ಕೂತ್ರು. ಎಂಟ್ ದಿನ ಅಟ ಮಾಡ್ದೋಳು ನಾನು. ‘ಪಾಠ ಹೇಳಕ್ಕೆ ಬಾಯಿದ್ರೆ ಸಾಕು, ಕಾಲಿಲ್ದಿದ್ರೆ ಮನೇಲಾದ್ರೂ ಇರ್ತಾರೆ ಬುಡಪ್ಪ’ ಅಂದೆ. ನೋಡಿ, ಕಾಲು ಬಂದೇ ಬುಡ್ತು. ಒಂದಿನಾನಾದ್ರೂ ಮನೇಲಿದ್ರಾ?”

ನಿಜ. ಸರಗೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಎಂದು ವರ್ಗವಾದಲ್ಲೆಲ್ಲ ಅಲೆದೆ. ನಿವೃತ್ತಿಯಾದ ಮೇಲೆ ಪೇಟೆ ಸುತ್ತುತ್ತೇನೆ. ಕಾಲಿಲ್ಲದವನಿಗಾಗಿ ಎಂಟು ದಿನ ಹಟ ಮಾಡಿದ ಹುಡುಗಿ ಅಷ್ಟೂ ವರ್ಷ ಮನೆಯಲ್ಲಿ ಒಬ್ಬಳೇ ಇದ್ದಳು.

ಈಗ ಸಂಜೆಯಾಗಿದೆ. ಪೇಟೆಗೆ ಹೋಗಿಲ್ಲ. ಜಗಲಿಯ ಮೇಲೆ ಅವಳ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೇನೆ.